ಹನ್ನೊಂದನೆಯ ನಿಮಿಷದ ‘ಸಾರಿ’: ಮಕ್ಕಳ ಕಾರ್ಟೂನ್ ವಾಹಿನಿಗಳಿಗೆ ಒಂದು ಬಹಿರಂಗ ಪತ್ರ

ಮಕ್ಕಳ ಕಾರ್ಟೂನ್ ವಾಹಿನಿಗಳ ಕಾರ್ಯಕ್ರಮ ಮುಖ್ಯಸ್ಥರಿಗೆ, ಮತ್ತು ಕನ್ನಡದಲ್ಲಿ ಮಕ್ಕಳ ಅನಿಮೇಷನ್ ಕಥೆಗಳನ್ನು ಬರೆಯುವ, ನಿರ್ಮಿಸುವ, ಡಬ್ ಮಾಡಿಸುವ ಎಲ್ಲರಿಗೆ,

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಲಿಕಲಿ ತರಗತಿಯ ಚಿಕ್ಕ ಮಕ್ಕಳ ನಡುವೆಯೇ ನನ್ನ ಸೇವೆಯ ಬಹುಪಾಲು ಕಳೆದಿದೆ. ನಿಮಗೆ ಬರುವ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು ಎಂದು ಊಹಿಸಬಲ್ಲೆ: ಕಾರ್ಟೂನುಗಳಲ್ಲಿ ಹೊಡೆದಾಟ ಜಾಸ್ತಿಯಾಗಿದೆ, ಮಕ್ಕಳು ಕೆಡುತ್ತಿದ್ದಾರೆ, ಇದನ್ನು ನಿಲ್ಲಿಸಿ. ನಾನು ತಂದಿರುವುದು ಆ ದೂರಲ್ಲ. ನೀವು ಒಳ್ಳೆಯವೆಂದು ನಂಬಿ ಹೆಮ್ಮೆಯಿಂದ ತೋರಿಸುವ ಕಾರ್ಟೂನುಗಳ ಮೇಲೆಯೇ ನನ್ನ ತಕರಾರು. ಕ್ಷಮಿಸಬೇಕು, ಹಗೆ ಇಟ್ಟುಕೊಳ್ಳಬಾರದು, ಆದದ್ದನ್ನು ಮರೆತು ಮತ್ತೆ ಗೆಳೆಯರಾಗಬೇಕು ಎಂದು ಕಲಿಸುವ ಕಾರ್ಟೂನುಗಳವು.

ಕ್ಷಮೆಯನ್ನು ಮಕ್ಕಳಿಗೆ ಕಲಿಸುವುದು ಬೇಡವೆಂದು ಯಾವ ಶಿಕ್ಷಕಿಯೂ ಹೇಳಲಾರಳು. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ನಾವು ಬಗೆಹರಿಸುವ ವ್ಯಾಜ್ಯಗಳ ಪಟ್ಟಿ ನೋಡಿದರೆ ತಾಲ್ಲೂಕಿನ ನ್ಯಾಯಾಲಯವೂ ನಾಚಬೇಕು. ಹೀಗಿರುವಾಗ ಟಿವಿಯೂ ಮೊಬೈಲೂ ಈ ಕೆಲಸಕ್ಕೆ ಕೈ ಜೋಡಿಸಿದರೆ ನಮಗೆ ಸಂತೋಷವೇ. ಆದರೆ ನಿಮ್ಮ ಕಥೆಗಳಲ್ಲಿ ಕ್ಷಮೆಯ ಹೊರೆಯೆಲ್ಲ ಪೆಟ್ಟು ತಿಂದವರ ಹೆಗಲ ಮೇಲೆ ಬೀಳುತ್ತಿದೆ. ತಪ್ಪು ಮಾಡಿದವನು ಒಂದು ಶಬ್ದ ಹೇಳಿ ಹಗುರಾಗುತ್ತಾನೆ. ನೋವುಂಡವಳು ಆ ಕೂಡಲೇ ನಗಬೇಕು, ನಗದಿದ್ದರೆ ಕೆಟ್ಟವಳು. ನಾನು ಕಂಡದ್ದನ್ನು ಹೇಳಿ ಆಮೇಲೆ ನನ್ನ ವಾದವನ್ನು ಮುಂದಿಡುತ್ತೇನೆ.

ನಮ್ಮ ಶಾಲೆಗೆ ದಾನಿಯೊಬ್ಬರು ಕೊಡಿಸಿದ ದೊಡ್ಡ ಟಿವಿಯಿದೆ. ಶನಿವಾರದ ಬೆಳಗಿನ ಶಾಲೆಯ ಕಡೆಯ ಅವಧಿಯಲ್ಲಿ ಮಕ್ಕಳಿಗೆ ಮೌಲ್ಯಶಿಕ್ಷಣದ ವಿಡಿಯೊ ಹಾಕುತ್ತೇವೆ. ಒಂದು ಶನಿವಾರ ಮೊಲ ಮತ್ತು ಅಳಿಲಿನ ಕಾರ್ಟೂನು ಬಂತು. ಅಳಿಲು ಕಷ್ಟಪಟ್ಟು ಕೂಡಿಟ್ಟ ಕಾಳನ್ನೆಲ್ಲ ಮೊಲ ಕದ್ದು ತಿನ್ನುತ್ತದೆ. ಅಳಿಲು ಮೊಲದೊಡನೆ ಮಾತು ಬಿಡುತ್ತದೆ. ಅಲ್ಲಿಂದಾಚೆಗೆ ಕಥೆಯೆಲ್ಲ ಅಳಿಲಿನ ಮುನಿಸಿನದು. ಅದಕ್ಕೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಕಾಡಿನ ಉಳಿದ ಪ್ರಾಣಿಗಳೂ ಅದರಿಂದ ದೂರ ಸರಿಯುತ್ತವೆ. ಕೊನೆಗೆ ಮುದಿ ಆಮೆಯೊಂದು ಬಂದು ಬುದ್ಧಿ ಹೇಳುತ್ತದೆ. ಯಾರಿಗೆ? ಅಳಿಲಿಗೆ! ಮೊಲ ‘ಸಾರಿ’ ಎನ್ನುತ್ತದೆ, ಅಳಿಲು ಅದನ್ನು ತಬ್ಬಿಕೊಳ್ಳುತ್ತದೆ, ಹಾಡು ಶುರುವಾಗುತ್ತದೆ. ಕಾಳಿನ ಗತಿ ಏನಾಯಿತೆಂದು ಕಾಡಿನಲ್ಲಿ ಯಾರೂ ಕೇಳುವುದಿಲ್ಲ. ನನ್ನ ತರಗತಿಯಲ್ಲಿ ಎರಡನೆಯ ಇಯತ್ತೆಯ ಹುಡುಗನೊಬ್ಬ ಕೇಳಿದ: “ಟೀಚರ್, ಹಾಗಾದರೆ ಮಳೆಗಾಲಕ್ಕೆ ಅಳಿಲು ಏನು ತಿನ್ನುತ್ತದೆ?” ಆ ಕಾರ್ಟೂನನ್ನು ಬರೆದವರು ಯಾರೋ ನನಗೆ ತಿಳಿಯದು. ಈ ಪ್ರಶ್ನೆ ಅವರಿಗೆ ತಲುಪಲಿ.

ಇದಾದ ಕೆಲವು ದಿನಕ್ಕೆ ಮೂರನೆಯ ತರಗತಿಯಲ್ಲಿ ಒಂದು ಜಗಳವಾಯಿತು. ಹುಡುಗಿಯೊಬ್ಬಳಿಗೆ ಅವಳ ಮಾವ ಬೆಂಗಳೂರಿನಿಂದ ಬಣ್ಣದ ಕಡ್ಡಿಗಳ ಡಬ್ಬಿ ತಂದುಕೊಟ್ಟಿದ್ದ. ಪಕ್ಕದಲ್ಲಿ ಕೂರುವ ಹುಡುಗ ಅದನ್ನು ಕಿತ್ತುಕೊಂಡ, ಎಳೆದಾಟದಲ್ಲಿ ಡಬ್ಬಿ ನೆಲಕ್ಕೆ ಬಿತ್ತು, ಕಡ್ಡಿಗಳು ಮುರಿದವು. ನಾನು ಕರೆಯುವ ಮೊದಲೇ ಹುಡುಗ ಎದ್ದು ನಿಂತು ‘ಸಾರಿ’ ಎಂದ, ಥೇಟು ಆ ಮೊಲದ ರಾಗದಲ್ಲಿ. ಅವಳು ಬಾಯಿ ಬಿಡಲಿಲ್ಲ. ಆಗ ಅವನು ನನ್ನ ಬಳಿ ಬಂದು ದೂರು ಕೊಟ್ಟ: “ಟೀಚರ್, ನಾನು ಸಾರಿ ಹೇಳಿದೆ. ಅವಳು ಪರವಾಗಿಲ್ಲ ಅನ್ನುತ್ತಿಲ್ಲ.” ಅವನ ಹಿಂದೆ ಅರ್ಧ ತರಗತಿ ಸಾಕ್ಷಿಗೆ ನಿಂತಿತ್ತು. “ಹೌದು ಟೀಚರ್, ಅವನು ಹೇಳಿದ. ಅವಳಿಗೇ ಸೊಕ್ಕು.” ತುಂಡಾದ ಬಣ್ಣದ ಕಡ್ಡಿಗಳನ್ನು ಲಂಗದಲ್ಲಿ ಕಟ್ಟಿಕೊಂಡು ಕೂತಿದ್ದ ಹುಡುಗಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಆರೋಪಿಯಾಗಿದ್ದಳು. ಮಕ್ಕಳು ಕೆಟ್ಟವರಾಗಿರಲಿಲ್ಲ. ಪಾಠವನ್ನು ಚೆನ್ನಾಗಿ ಕಲಿತಿದ್ದರು, ಅಷ್ಟೇ.

ಆ ದಿನ ನಾನು ಹುಡುಗಿಗೆ ಏನನ್ನೂ ಹೇಳೆಂದು ಹೇಳಲಿಲ್ಲ. ಹುಡುಗನಿಗೆ, “ಮುರಿದದ್ದಕ್ಕೆ ಏನು ಮಾಡುತ್ತೀಯೋ ಯೋಚಿಸಿಕೊಂಡು ಬಾ” ಎಂದೆ. ಮಾರನೆಯ ದಿನ ಅವನು ತನ್ನ ಅಕ್ಕನ ಡಬ್ಬಿಯಿಂದ ನಾಲ್ಕೈದು ಕಡ್ಡಿ ಆರಿಸಿಕೊಂಡು ಬಂದ (ಅಕ್ಕನನ್ನು ಕೇಳಿ ತಂದನೋ ಇಲ್ಲವೋ ಎಂಬುದು ಬೇರೆಯೇ ವ್ಯಾಜ್ಯ). ಅವಳು ತೆಗೆದುಕೊಂಡಳು, ಮಾತನಾಡಲಿಲ್ಲ. ಆಮೇಲೊಂದು ದಿನ ಇಬ್ಬರೂ ಒಂದೇ ಗುಂಪಿನಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರು. ತಬ್ಬಿಕೊಳ್ಳುವುದೂ ಇರಲಿಲ್ಲ, ಹಾಡೂ ಇರಲಿಲ್ಲ.

ನಿಮ್ಮ ಕಥೆಗಳು ಹೀಗೇಕೆ ಆಗುತ್ತವೆ ಎಂಬುದು ನನಗೆ ಸ್ವಲ್ಪಮಟ್ಟಿಗೆ ಅರ್ಥವಾಗುತ್ತದೆ. ಟಿವಿಯ ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ. ಅದನ್ನು ಎರಡು ಮಾಡಿದರೆ 11 ನಿಮಿಷದ ಎರಡು ಕಥೆಗಳು. ಅದರೊಳಗೆ ಜಗಳ ಹುಟ್ಟಬೇಕು, ಬೆಳೆಯಬೇಕು, ನಗಿಸಬೇಕು, ಮುಗಿಯಬೇಕು. ಜಗಳದಲ್ಲಿ ಓಟವಿದೆ, ಬೀಳುವುದಿದೆ, ಸದ್ದಿದೆ, ಹೀಗಾಗಿ ಹತ್ತು ನಿಮಿಷ ಅದಕ್ಕೇ ಹೋಗುತ್ತದೆ. ರಾಜಿಗೆ ಉಳಿಯುವುದು ಹನ್ನೊಂದನೆಯ ನಿಮಿಷ. ಇನ್ನೂ ಒಂದು ಕಾರಣವಿದೆ. ಈ ಕಥೆಗಳನ್ನು ನೀವು ಯಾವ ಕ್ರಮದಲ್ಲಿ ಬೇಕಾದರೂ, ಎಷ್ಟು ಸಲ ಬೇಕಾದರೂ ಮರುಪ್ರಸಾರ ಮಾಡಬೇಕು. ಆದ್ದರಿಂದ ಪ್ರತಿ ಕಥೆಯ ಕೊನೆಗೆ ಎಲ್ಲರೂ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಒಂದು ಕಂತಿನ ಗಾಯ ಮುಂದಿನ ಕಂತಿಗೆ ಉಳಿಯುವಂತಿಲ್ಲ.

ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ 2008ರಲ್ಲಿ ತಂದ ‘ಛೋಟಾ ಭೀಮ್’ ನೋಡದ ಮಗು ನಮ್ಮ ಶಾಲೆಯಲ್ಲಿಲ್ಲ. ಢೋಲಕ್‌ಪುರದಲ್ಲಿ ಕಾಲಿಯಾ ಭೀಮನ ಮೇಲೆ ಹೊಟ್ಟೆಕಿಚ್ಚುಪಡುತ್ತಾನೆ, ಹುನ್ನಾರ ಮಾಡುತ್ತಾನೆ, ಸಿಕ್ಕಿಬೀಳುತ್ತಾನೆ, ಭೀಮ ಅವನನ್ನೇ ಅಪಾಯದಿಂದ ಪಾರುಮಾಡುತ್ತಾನೆ. ಮುಂದಿನ ಕಂತಿನಲ್ಲಿ ಕಾಲಿಯಾ ಅದೇ ಕಾಲಿಯಾ. ಭೀಮ ಕ್ಷಮಿಸಿದನೆಂದು ನಾವು ಹೇಳುತ್ತೇವೆ. ನನಗನ್ನಿಸುವುದು, ಭೀಮನಿಗೆ ಕಳೆದ ಕಂತು ನೆನಪೇ ಇಲ್ಲ. ಜಪಾನಿನಲ್ಲಿ 1979ರಿಂದ ಬರುತ್ತಿರುವ ‘ಡೋರೆಮಾನ್’ ಸರಣಿಯಲ್ಲಿ ಜಿಯಾನ್ ನೋಬಿತನ ವಸ್ತುಗಳನ್ನು ಕಿತ್ತುಕೊಳ್ಳುತ್ತಾನೆ, ಹೊಡೆಯುತ್ತಾನೆ. ನೋಬಿತ ಅಳುತ್ತ ಮನೆಗೆ ಬಂದು ಡೋರೆಮಾನ್ ಎಂಬ ಯಂತ್ರಬೆಕ್ಕಿನ ಜೇಬಿನಿಂದ ಯಾವುದೋ ಯಂತ್ರ ಪಡೆದು ಸೇಡು ತೀರಿಸಹೊರಡುತ್ತಾನೆ, ಅದು ತಿರುಗಿ ಅವನಿಗೇ ಬಡಿಯುತ್ತದೆ. ನೋಡಿ ನಗಲು ಇವೆಲ್ಲ ಚೆಂದ, ನಾನೂ ನಕ್ಕಿದ್ದೇನೆ. ಇವುಗಳ ಬಗ್ಗೆ ನನ್ನ ಜಗಳವೂ ಇಲ್ಲ, ಏಕೆಂದರೆ ಇವು ನೀತಿಪಾಠದ ವೇಷ ಹಾಕಿಕೊಂಡು ತರಗತಿಯೊಳಗೆ ಬರುವುದಿಲ್ಲ. ಈ ವಿಷಯದಲ್ಲಿ ‘ಟಾಮ್ ಅಂಡ್ ಜೆರ್ರಿ’ಯೇ ಪ್ರಾಮಾಣಿಕ. 1948ರ ಒಂದು ಕಥೆಯಲ್ಲಿ ಬೆಕ್ಕು, ಇಲಿ, ನಾಯಿ ಮೂರೂ ಸೇರಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕುತ್ತವೆ. ದಾರಿಯಲ್ಲಿ ಒಂದು ಮಾಂಸದ ತುಂಡು ಸಿಕ್ಕಿ, ಪಾಲಿನ ಮೇಲೆ ಜಗಳವಾಗಿ, ಒಪ್ಪಂದದ ಕಾಗದವನ್ನು ಹರಿದುಹಾಕುತ್ತವೆ. ಆಸ್ತಿ ಪಾಲಾಗುವುದನ್ನು ಕಂಡ ಯಾವ ಮನೆಯ ಮಗುವಿಗೂ ಇದು ಅರ್ಥವಾಗುತ್ತದೆ.

ನನಗೆ ಚಿಂತೆ ಇರುವುದು ನೀತಿಯ ಹೆಸರಿನಲ್ಲಿ ಬರುವ ಕಾರ್ಟೂನುಗಳದು. ಅದರಲ್ಲೂ ಈಗ ಮೊಬೈಲಿನಲ್ಲಿ ಸುರಿಯುತ್ತಿರುವ ಕನ್ನಡದ ‘ನೀತಿ ಕಥೆ’ಗಳದು. ಬಡ ಸೊಸೆ, ಶ್ರೀಮಂತ ಅತ್ತೆ, ಮಲತಾಯಿ, ಮಾಯದ ಮಡಕೆ. ಅತ್ತೆ ಸೊಸೆಯನ್ನು ಉಪವಾಸ ಕೆಡವುತ್ತಾಳೆ, ಮಳೆಯಲ್ಲಿ ಹೊರಗೆ ನಿಲ್ಲಿಸುತ್ತಾಳೆ, ಕೊನೆಯಲ್ಲಿ ಅವಳಿಗೇ ಕಾಯಿಲೆಯೋ ಬಡತನವೋ ಬಂದಾಗ ಅಳುತ್ತಾಳೆ. ಸೊಸೆ, “ಹಾಗೆಲ್ಲ ಹೇಳಬೇಡಿ ಅತ್ತೆ, ನೀವು ನನ್ನ ತಾಯಿಯ ಸಮಾನ” ಎಂದು ಕಾಲಿಗೆ ಬೀಳುತ್ತಾಳೆ. ತಪ್ಪು ಮಾಡಿದವಳು ಬೀಳುವುದಿಲ್ಲ, ಕ್ಷಮಿಸಿದವಳು ಬೀಳುತ್ತಾಳೆ! ನಮ್ಮ ಶಾಲೆಯ ಹೆಣ್ಣುಮಕ್ಕಳು ಬಿಡುವಿನ ವೇಳೆ ಇದನ್ನೇ ನಾಟಕ ಮಾಡಿ ಆಡುವುದನ್ನು ನೋಡಿದ್ದೇನೆ. ಒಂದು ಸಲ ಸುಮ್ಮನೆ ಕುಳಿತು ಗಮನಿಸಿ: ನಿಮ್ಮ ಕಥೆಗಳಲ್ಲಿ ಯಾರು ತಪ್ಪು ಮಾಡುತ್ತಾರೆ, ಯಾರು ಕ್ಷಮಿಸುತ್ತಾರೆ? ಬಲಶಾಲಿ ತಪ್ಪು ಮಾಡುತ್ತಾನೆ, ಬಡವ ಕ್ಷಮಿಸುತ್ತಾನೆ. ಹಿರಿಯರು ತಪ್ಪು ಮಾಡುತ್ತಾರೆ, ಮಗು ಕ್ಷಮಿಸುತ್ತದೆ. ಇದು ಇಷ್ಟು ಕ್ರಮಬದ್ಧವಾಗಿ ನಡೆಯುತ್ತಿದ್ದರೆ ಅದು ಕ್ಷಮೆಯ ಪಾಠವೋ ತಗ್ಗಿ ನಡೆಯುವ ಪಾಠವೋ ನೀವೇ ಹೇಳಿ.

ಮಕ್ಕಳು ಅಷ್ಟೆಲ್ಲ ಆಳಕ್ಕೆ ಹೋಗುವುದಿಲ್ಲ, ಕೊನೆಯ ನೀತಿಯನ್ನಷ್ಟೇ ಹಿಡಿದುಕೊಳ್ಳುತ್ತಾರೆ ಎಂದು ನೀವು ಹೇಳಬಹುದು. ಅದು ನಿಜವಲ್ಲವೆಂಬುದಕ್ಕೆ ಅಧ್ಯಯನಗಳಿವೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮೇರಿ ಲೂಯಿಸ್ ಮೇರ್ಸ್ ಮತ್ತು ಎಮಿಲಿ ಅಕೋಸ್ಟಾ ಶಿಶುವಿಹಾರದ ಮಕ್ಕಳಿಗೆ ಒಂದು ಕಾರ್ಟೂನು ತೋರಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರೇ ಕಾಲಿನ ನಾಯಿಯೊಂದನ್ನು ಉಳಿದ ನಾಯಿಗಳು ಮೊದಲು ದೂರವಿಟ್ಟು ಆಮೇಲೆ ಸೇರಿಸಿಕೊಳ್ಳುವ ಕಥೆ ಅದು. ಬೇರೆಯಾಗಿ ಕಾಣುವವರನ್ನು ದೂರವಿಡಬಾರದು ಎಂಬ ನೀತಿ ಬಹಳಷ್ಟು ಮಕ್ಕಳಿಗೆ ದಾಟಲೇ ಇಲ್ಲ. ಮೂರು ಕಾಲಿನ ನಾಯಿಗೆ ದಯೆ ತೋರಬೇಕು ಎಂಬುದೇ ಕೆಲವರು ಹಿಡಿದುಕೊಂಡ ಪಾಠ. 2006ರಲ್ಲಿ ಜೇಮಿ ಆಸ್ಟ್ರೋವ್ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಅಧ್ಯಯನ ಇನ್ನೂ ಕಸಿವಿಸಿ ಹುಟ್ಟಿಸುವಂಥದ್ದು. ಶೈಕ್ಷಣಿಕ ಎನ್ನಿಸಿಕೊಳ್ಳುವ ಕಾರ್ಯಕ್ರಮಗಳನ್ನು ಹೆಚ್ಚು ನೋಡಿದ ಪುಟ್ಟ ಮಕ್ಕಳಲ್ಲಿ ಮಾತು ಬಿಡುವುದು, ಗುಂಪಿನಿಂದ ಹೊರಗಿಡುವುದು ಮುಂತಾದ ನಡತೆ ಹೆಚ್ಚಾಗಿ ಕಂಡಿತು. ಅದಕ್ಕೆ ಸಂಶೋಧಕರು ಊಹಿಸಿದ ಕಾರಣ ನಮ್ಮಂಥ ಶಿಕ್ಷಕಿಯರಿಗೆ ಹೊಸದಲ್ಲ: ಜಗಳವನ್ನು ಉದ್ದಕ್ಕೆ ತೋರಿಸಿ ರಾಜಿಯನ್ನು ಕಡೆಗೆ ಚೂರು ತೋರಿಸಿದರೆ, ಮೊದಲಿನದಕ್ಕೂ ಕೊನೆಯದಕ್ಕೂ ಇರುವ ನಂಟು ಆ ವಯಸ್ಸಿನ ಮಕ್ಕಳ ತಲೆಗೆ ಹೋಗುವುದಿಲ್ಲ. ಅವರಿಗೆ ಸಿಗುವುದು ಹತ್ತು ನಿಮಿಷದ ಜಗಳದ ತರಬೇತಿ.

ಹಾಗಾದರೆ ಕಾರ್ಟೂನಿನಲ್ಲಿ ಕ್ಷಮೆಯನ್ನು ಸರಿಯಾಗಿ ತೋರಿಸಲು ಆಗುವುದೇ ಇಲ್ಲವೇ? ಆಗುತ್ತದೆ, ಮಾಡಿದವರಿದ್ದಾರೆ. ಅಮೆರಿಕದ ಪಿಬಿಎಸ್ ಕಿಡ್ಸ್ ವಾಹಿನಿಯಲ್ಲಿ 2012ರಲ್ಲಿ ಶುರುವಾದ ‘ಡೇನಿಯಲ್ ಟೈಗರ್ಸ್ ನೈಬರ್‌ಹುಡ್’ ಎಂಬ ಸರಣಿ ಇನ್ನೂ ಶಾಲೆಗೆ ಸೇರದ ಮಕ್ಕಳಿಗಾಗಿ ಮಾಡಿದ್ದು. ಅದರಲ್ಲಿ ಪುಟ್ಟ ಹುಲಿಮರಿಗೆ ಕಲಿಸುವ ಎರಡು ಸಾಲಿನ ಹಾಡಿನ ತಾತ್ಪರ್ಯ ಇಷ್ಟೇ: ಸಾರಿ ಹೇಳುವುದು ಮೊದಲ ಹೆಜ್ಜೆ, ಆಮೇಲೆ ನಾನೇನು ಸಹಾಯ ಮಾಡಲಿ ಎಂದು ಕೇಳಬೇಕು. ನಮ್ಮ ಮೊಲಕ್ಕೆ ಯಾರೂ ಹೇಳಿಕೊಡದೆ ಹೋದ ಎರಡನೆಯ ಹೆಜ್ಜೆ ಅದು. ಮೂರು ವರ್ಷದ ಮಗುವಿಗೂ ಅರ್ಥವಾಗುವಂತೆ, ಎರಡೇ ಸಾಲಿನಲ್ಲಿ ಹೇಳಲು ಅವರಿಗೆ ಸಾಧ್ಯವಾಗಿದೆ. ಸಮಯವಿಲ್ಲ ಎಂಬ ನೆಪವನ್ನು ನಾನು ಒಪ್ಪದಿರುವುದು ಇದಕ್ಕೇ.

ತುಸು ದೊಡ್ಡ ಮಕ್ಕಳಿಗೆ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಇದೆ. ನಿಕಲೋಡಿಯನ್ ವಾಹಿನಿಯಲ್ಲಿ 2005ರಿಂದ 2008ರವರೆಗೆ 61 ಕಂತುಗಳಲ್ಲಿ ಬಂದದ್ದು. ಅದರಲ್ಲಿ ಕತಾರಾ ಎಂಬ ಹುಡುಗಿಯ ತಾಯಿಯನ್ನು ಶತ್ರು ಸೈನಿಕನೊಬ್ಬ ಕೊಂದಿರುತ್ತಾನೆ. ಶತ್ರು ದೇಶದ ರಾಜಕುಮಾರ ಝುಕೊ ಒಮ್ಮೆ ಅವಳ ನಂಬಿಕೆ ಗಳಿಸಿ ಅವಳಿಗೇ ದ್ರೋಹ ಬಗೆದು, ಮುಂದೆ ಪಶ್ಚಾತ್ತಾಪಪಟ್ಟು ಇವರ ಗುಂಪಿಗೆ ಬಂದು ಸೇರುತ್ತಾನೆ. ಉಳಿದವರು ಒಬ್ಬೊಬ್ಬರಾಗಿ ಅವನನ್ನು ಒಪ್ಪಿದರೂ ಕತಾರಾ ಒಪ್ಪುವುದಿಲ್ಲ. ಕಥೆ ಅವಳನ್ನು ಅವಸರಪಡಿಸುವುದೂ ಇಲ್ಲ, ಹಟಮಾರಿ ಎನ್ನುವುದೂ ಇಲ್ಲ. ಅವಳಿಗೆ ನಿಜವಾಗಿ ನೋಯುತ್ತಿರುವುದೇನು ಎಂದು ಝುಕೊ ವಿಚಾರಿಸಿ ತಿಳಿಯುತ್ತಾನೆ, ತಾಯಿಯನ್ನು ಕೊಂದವನನ್ನು ಹುಡುಕಲು ಅವಳ ಜತೆಗೆ ಹೋಗುತ್ತಾನೆ. ಗೆಳೆಯ ಆಂಗ್ ಮಾತ್ರ ಹೊರಡುವಾಗಲೇ ಕ್ಷಮಿಸಿಬಿಡು ಎನ್ನುತ್ತಾನೆ. ಕೊಂದವನು ಸಿಗುತ್ತಾನೆ, ಈಗ ಮುದುಕ, ಹೇಡಿ. ನೀರನ್ನು ತನ್ನಿಚ್ಛೆಯಂತೆ ಆಡಿಸಬಲ್ಲ ಕತಾರಾ, ಅವನತ್ತ ತಾನೇ ಹಾರಿಸಿದ ಹಿಮದ ಭರ್ಜಿಗಳನ್ನು ಗಾಳಿಯಲ್ಲೇ ತಡೆದು ನಿಲ್ಲಿಸುತ್ತಾಳೆ. ಕೊಲ್ಲದೆ ಹಿಂದಿರುಗುತ್ತಾಳೆ. ಆಂಗ್ ಅದನ್ನು ಕ್ಷಮೆ ಎಂದುಕೊಂಡಾಗ ಅವಳು ಇಲ್ಲವೆನ್ನುತ್ತಾಳೆ. ಅವನನ್ನು ಕ್ಷಮಿಸಿಲ್ಲ, ಎಂದಿಗೂ ಕ್ಷಮಿಸಲಾರೆ. ಆದರೆ ಝುಕೊನನ್ನು ಕ್ಷಮಿಸಲು ಈಗ ಸಿದ್ಧಳಿದ್ದೇನೆ ಎಂದು ಅವನನ್ನು ಅಪ್ಪಿಕೊಳ್ಳುತ್ತಾಳೆ.

ಮಕ್ಕಳ ಕಾರ್ಟೂನಿನಲ್ಲಿ ಇಷ್ಟನ್ನು ತೋರಿಸಲು ಎದೆಗಾರಿಕೆ ಬೇಕು. ಸೇಡು ಬಿಡುವುದು ಒಂದು, ಕ್ಷಮಿಸುವುದು ಇನ್ನೊಂದು, ಮತ್ತೆ ಜತೆಗೂಡುವುದು ಮತ್ತೂ ಒಂದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡದೆ ಇರಬಹುದು, ಎರಡನೆಯದನ್ನು ಮಾಡಿಯೂ ಮೂರನೆಯದನ್ನು ಮಾಡದಿರಬಹುದು. ಕ್ಷಮೆಯ ಕುರಿತು ದಶಕಗಳಿಂದ ಕೆಲಸ ಮಾಡುತ್ತಿರುವ ಮನಶ್ಶಾಸ್ತ್ರಜ್ಞ ರಾಬರ್ಟ್ ಎನ್‌ರೈಟ್ ಕೂಡ ಈ ವ್ಯತ್ಯಾಸವನ್ನೇ ಒತ್ತಿ ಹೇಳುತ್ತಾರೆ. ಅವರ ತಂಡ 2002ರಿಂದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಶಾಲೆಗಳಲ್ಲಿ, ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಮುದಾಯಗಳ ನಡುವೆ ದಶಕಗಳ ಕಾಲ ರಕ್ತ ಹರಿದ ಊರಿನಲ್ಲಿ, ಚಿಕ್ಕ ಮಕ್ಕಳಿಗೆ ಕಥೆಗಳ ಮೂಲಕ ಕ್ಷಮೆಯ ಪಾಠ ಮಾಡಿಸಿತು. ವಾರಗಟ್ಟಲೆ ನಡೆಯುವ ಪಾಠ ಅದು. ಅಲ್ಲಿ ಯಾವ ಮಗುವಿಗೂ ನೀನು ಕ್ಷಮಿಸಲೇಬೇಕು ಎನ್ನುವುದಿಲ್ಲ.

ದೂರದ ಉದಾಹರಣೆಗಳು ನಮಗೇಕೆ ಎನ್ನುವಿರಾದರೆ, ಹತ್ತಿರದ್ದೇ ಇದೆ. ನಮ್ಮ ಶಾಲೆಗಳ ಶೈಕ್ಷಣಿಕ ಪ್ರವಾಸ ಶ್ರವಣಬೆಳಗೊಳವನ್ನು ತಪ್ಪಿಸುವುದಿಲ್ಲ. ಮಕ್ಕಳಿಗೆ ನಾವು ಹೇಳಿಕೊಡುವುದು ಮೂರ್ತಿಯ ಎತ್ತರ ಸುಮಾರು 58 ಅಡಿ, ಕೆತ್ತಿಸಿದವನು ಚಾವುಂಡರಾಯ, ಕಾಲ ಕ್ರಿ.ಶ. 981. ಅಲ್ಲಿಗೆ ಮುಗಿಯಿತು, ಪರೀಕ್ಷೆಗೆ ಸಾಕು. ಆ ಕಲ್ಲಿನ ಹಿಂದಿನ ಕಥೆಯಲ್ಲಿ ಅಣ್ಣ ಭರತ ತಮ್ಮ ಬಾಹುಬಲಿಯ ರಾಜ್ಯವನ್ನೂ ಬಯಸುತ್ತಾನೆ. ಸೈನ್ಯಗಳು ಸಾಯುವುದು ಬೇಡವೆಂದು ಇಬ್ಬರೇ ಸೆಣಸುತ್ತಾರೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ತಮ್ಮ ಗೆಲ್ಲುತ್ತಾನೆ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದವನು ನೆಲಕ್ಕೆ ಅಪ್ಪಳಿಸದೆ ಮೆಲ್ಲಗೆ ಇಳಿಸುತ್ತಾನೆ. ಸೋತ ಅಣ್ಣ ಮಾತು ಮುರಿದು ತನ್ನ ದಿವ್ಯಾಯುಧವಾದ ಚಕ್ರರತ್ನವನ್ನು ಎಸೆದರೆ ಅದು ತಮ್ಮನನ್ನು ಸುತ್ತು ಹಾಕಿ ನಿಂತುಬಿಡುತ್ತದೆ. ಬಾಹುಬಲಿ ಎಲ್ಲವನ್ನೂ ಬಿಟ್ಟು ತಪಸ್ಸಿಗೆ ನಿಲ್ಲುತ್ತಾನೆ.

ಕಾರ್ಟೂನು ಮಾಡಿದರೆ ನೀವು ಇಲ್ಲಿಗೇ ನಿಲ್ಲಿಸುತ್ತೀರಿ, ನನಗೆ ಗೊತ್ತು. ಆದರೆ ಕಥೆಯ ತಿರುಳು ಇರುವುದು ಇದರ ಮುಂದೆ. ವರ್ಷವಿಡೀ ನಿಂತು, ಮೈಗೆ ಬಳ್ಳಿ ಹಬ್ಬಿದರೂ ಅವನಿಗೆ ಕೇವಲಜ್ಞಾನ, ಅಂದರೆ ಜೈನರು ಹೇಳುವ ಪರಿಪೂರ್ಣ ಅರಿವು, ಆಗುವುದಿಲ್ಲ. ನಾನು ನಿಂತ ನೆಲವೂ ಅಣ್ಣನದೇ ಎಂಬ ಮುಳ್ಳು ಒಳಗೆ ಉಳಿದಿದೆ. ರಾಜ್ಯ ಬಿಟ್ಟವನಿಗೂ ಮನಸ್ಸಿನ ಆ ಕೊರಗು ಬಿಡಲಾಗಿಲ್ಲ. ಭರತ ತಾನೇ ನಡೆದು ಬಂದು, ಚಕ್ರವರ್ತಿಯಾಗಿದ್ದೂ ತಮ್ಮನಿಗೆ ತಲೆಬಾಗಿದ ಮೇಲೆ ಅದು ಕಳಚುತ್ತದೆ. ತಪ್ಪು ಮಾಡಿದ ಹಿರಿಯ ಕಿರಿಯನ ಬಳಿಗೆ ಬರುತ್ತಾನೆ, ಬಾಗುತ್ತಾನೆ. ಸಾವಿರ ವರ್ಷಕ್ಕೂ ಹಿಂದೆ, 941ರಲ್ಲಿ, ಪಂಪ ಕನ್ನಡಕ್ಕೆ ತಂದ ಕಥೆಯಿದು. ಆ ಬೆಟ್ಟ ಹತ್ತುವ ಮಕ್ಕಳಿಗೆ ಇದನ್ನು ಹೇಳುವ ಒಂದು ಒಳ್ಳೆಯ ಅನಿಮೇಷನ್ ಕಂತು ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಪುಣ್ಯಕೋಟಿಯ ಹಾಡಿಗೆ ಚಿತ್ರ ಕಟ್ಟಿದ ವಿಡಿಯೊಗಳು ಬೇಕಾದಷ್ಟಿವೆ. ಅದು ಸತ್ಯದ ಕಥೆ, ಕ್ಷಮೆಯ ಕಥೆಯಲ್ಲ. ಆದರೂ ಹುಲಿ ಪ್ರಾಣ ಬಿಡುವ ಕಡೆಯ ಭಾಗಕ್ಕೆ ಬಂದಾಗ ಪ್ರತಿ ವರ್ಷದ ತರಗತಿಯಲ್ಲೂ ಯಾರಾದರೊಬ್ಬರು ಕೇಳುತ್ತಾರೆ, ಹುಲಿ ಯಾಕೆ ಸಾಯಬೇಕಿತ್ತು, ಸುಮ್ಮನೆ ಮನೆಗೆ ಹೋಗಬಹುದಿತ್ತಲ್ಲ ಎಂದು. ತಪ್ಪು ಅರಿತವನು ಮುಂದೆ ಹೇಗೆ ಬದುಕಬೇಕು ಎಂಬುದನ್ನು ಮಕ್ಕಳು ತಾವಾಗಿಯೇ ಕೇಳುತ್ತಿದ್ದಾರೆ. ನಿಮ್ಮ ಬರಹಗಾರರಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೇ?

ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಕೊಡುವ ರೂಢಿಯಿದೆ. ವರ್ಷವಿಡೀ ಮುಖ ನೋಡದವರೂ ಅಂದು ಒಬ್ಬರ ಮನೆಗೊಬ್ಬರು ಹೋಗಿ ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಎನ್ನುತ್ತಾರೆ. ಅಲ್ಲಿ ಕಿರಿಯರೇ ಹಿರಿಯರ ಮನೆಗೆ ಹೋಗಬೇಕೆಂಬುದು ನಿಯಮ, ತಪ್ಪು ಯಾರದೇ ಆಗಿರಲಿ. ಆ ಪದ್ಧತಿ ನನಗೆ ಪ್ರೀತಿಯದು, ಆ ನಿಯಮದ ಬಗ್ಗೆ ಅಷ್ಟು ಖಾತ್ರಿಯಿಲ್ಲ. ಬನ್ನಿ ಹಿಡಿದು ಬಂದ ಮೊಮ್ಮಗಳಿಗೆ ಅಜ್ಜನೇ ಮೊದಲು ತಪ್ಪೊಪ್ಪಿಕೊಳ್ಳುವ ಒಂದು ಕಂತನ್ನು ಯಾರಾದರೂ ಬರೆದರೆ ಶಾಲೆಯ ಟಿವಿಯಲ್ಲಿ ಮೊದಲು ಹಾಕುವವಳು ನಾನು.

ಇನ್ನು ಮೆಲುದನಿಯಲ್ಲಿ ಹೇಳಲಾಗದ ಮಾತು. ದೊಡ್ಡವರು ಮಕ್ಕಳ ಮೇಲೆ ಎಸಗುವ ದೌರ್ಜನ್ಯದ ವಿಷಯ ನಿಮಗೆ ಗೊತ್ತಿಲ್ಲದ್ದಲ್ಲ. 2012ರಲ್ಲಿ ಪೋಕ್ಸೊ ಕಾಯ್ದೆ ಬಂದದ್ದು ಅದಕ್ಕಾಗಿಯೇ. ಅಂಥ ಪ್ರಕರಣಗಳಲ್ಲಿ ತಪ್ಪಿತಸ್ಥ ಹೆಚ್ಚಾಗಿ ಮಗುವಿಗೆ ಪರಿಚಿತನೇ ಆಗಿರುತ್ತಾನೆ. ಇನ್ನೊಮ್ಮೆ ಮಾಡುವುದಿಲ್ಲ, ಯಾರಿಗೂ ಹೇಳಬೇಡ ಎನ್ನುವುದು ಅಂಥವರ ಬಾಯಿಪಾಠ. ಕ್ಷಮಿಸದ ಮಗುವೇ ಕೆಟ್ಟ ಮಗು, ತಬ್ಬಿಕೊಂಡರೆ ಎಲ್ಲ ಸರಿಹೋಯಿತು ಎಂದು ದಿನವೂ ಕಲಿತ ಮಗು ಆಗ ಏನು ಮಾಡಬೇಕು? ತರಬೇತಿಗಳಲ್ಲಿ ನಮಗೆ ಹೇಳಿಕೊಡುವುದೇ ಇದು: ಮಗುವಿಗೆ ಬೇಡ ಎನ್ನಲು ಕಲಿಸಿ, ಯಾರನ್ನೂ ಬಲವಂತದಿಂದ ಅಪ್ಪಿಕೊಳ್ಳುವಂತೆ ಮಾಡಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದೆಂದು ತಿಳಿಸಿ. ನಾವು ತರಗತಿಯಲ್ಲಿ ಇದನ್ನು ಹೇಳುತ್ತೇವೆ, ಶನಿವಾರ ನಿಮ್ಮ ಅಳಿಲು ಬಂದು ಇದನ್ನು ಅಳಿಸುತ್ತದೆ. ತಪ್ಪನ್ನು ದೊಡ್ಡವರಿಗೆ ಹೇಳುವುದು ಹಗೆ ಸಾಧಿಸಿದಂತೆ ಅಲ್ಲ ಎಂಬ ಒಂದು ಮಾತನ್ನಾದರೂ ನಿಮ್ಮ ಯಾವ ಕಥೆ ಹೇಳುತ್ತದೆ?

ಆದ್ದರಿಂದ ನನ್ನ ಬೇಡಿಕೆಗಳು. ಮೊದಲನೆಯದು ಬರಹಗಾರರಿಗೆ. ಜಗಳದ ನಿಮಿಷಗಳನ್ನು ಕಡಿಮೆ ಮಾಡಿ, ಜಗಳದ ನಂತರದ ನಿಮಿಷಗಳನ್ನು ಹೆಚ್ಚಿಸಿ. ಕದ್ದ ಕಾಳನ್ನು ಮೊಲ ತಿರುಗಿ ಕೂಡಿಡಲಿ, ಅದರಲ್ಲೂ ನಗುವುದಕ್ಕೆ ಬೇಕಾದಷ್ಟು ಸಿಗುತ್ತದೆ. ಮೊಲ ಕಾಳು ಹೊರುವುದನ್ನು ನೋಡಲು ನಮ್ಮ ಮಕ್ಕಳು ಖಂಡಿತ ಕೂರುತ್ತಾರೆ. ಅಳಿಲು ಇವತ್ತು ಬೇಡ, ನಾಳೆ ನೋಡೋಣ ಎನ್ನಲಿ. ಹಾಗೆಂದ ಅಳಿಲನ್ನು ಕಾಡು ದೂರ ಮಾಡದಿರಲಿ. ಆಮೆ ಬುದ್ಧಿ ಹೇಳಲೇಬೇಕಿದ್ದರೆ ಮೊದಲು ಮೊಲಕ್ಕೆ ಹೇಳಲಿ.

ವಾಹಿನಿಗಳ ಮುಖ್ಯಸ್ಥರಿಗೆ ಹೇಳುವುದಿಷ್ಟು. 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ ಕಾರ್ಯಕ್ರಮ ಸಂಹಿತೆ ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಮಾತು, ಢಾಳಾದ ಹಿಂಸೆಯ ದೃಶ್ಯ ಇರಬಾರದು ಎನ್ನುತ್ತದೆ. ಅದನ್ನು ನೀವು ಪಾಲಿಸುತ್ತಿರಬಹುದು. ಬೈಗುಳವಿಲ್ಲದೆ, ರಕ್ತವಿಲ್ಲದೆಯೂ ಮಗುವಿಗೆ ತಪ್ಪು ಪಾಠ ಹೋಗಬಹುದು, ಅದನ್ನು ಹಿಡಿಯುವ ಸಂಹಿತೆ ಯಾವುದೂ ಇಲ್ಲ. ನೀತಿಪಾಠವೆಂದು ಹೆಸರು ಹಾಕುವ ಪ್ರತಿ ಕಂತನ್ನೂ ಪ್ರಸಾರಕ್ಕೆ ಮೊದಲು ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿಗೋ ಮಕ್ಕಳ ಆಪ್ತಸಮಾಲೋಚಕರಿಗೋ ತೋರಿಸಿ. ಕನ್ನಡದ ಮಕ್ಕಳಿಗೆಂದೇ ಒಂದು ವಾಹಿನಿ 2009ರಲ್ಲಿ ಚಿಂಟು ಟಿವಿಯ ರೂಪದಲ್ಲಿ ಬಂತು, ಈಗ ಬೇರೆ ಕೆಲವು ವಾಹಿನಿಗಳೂ ಕನ್ನಡ ಧ್ವನಿಯಲ್ಲಿ ಸಿಗುತ್ತವೆ. ಡಬ್ ಮಾಡಲು ಸರಣಿಗಳನ್ನು ಆರಿಸುವಾಗ ಅಗ್ಗದ್ದನ್ನೇ ನೋಡದೆ, ಮೇಲೆ ಹೇಳಿದಂಥವನ್ನೂ ತನ್ನಿ. ಒಂದೇ ಕಥೆ ನಾಲ್ಕಾರು ಕಂತುಗಳಿಗೆ ಹರಿಯುವ, ನೆನಪು ಉಳಿಯುವ ಸರಣಿಗಳನ್ನು ಕ್ರಮ ತಪ್ಪಿಸದೆ ಪ್ರಸಾರ ಮಾಡಿ.

ಶಿಕ್ಷಣ ಇಲಾಖೆಯ ಅಧಿಕಾರಿಗಳೂ ಪೋಷಕರೂ ಈ ಪತ್ರ ಓದುತ್ತಿದ್ದರೆ ಅವರಿಗೂ ಒಂದು ಮಾತು. ಡೇನಿಯಲ್ ಟೈಗರ್ ಸರಣಿಯ ಮೇಲೆ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋಡಿದ್ದರ ಬಗ್ಗೆ ಮನೆಯವರು ಮಗುವಿನೊಡನೆ ಆಗಾಗ ಮಾತನಾಡುತ್ತಿದ್ದಲ್ಲೇ ಪ್ರಯೋಜನ ಕಂಡಿತ್ತು. ಶಾಲೆಯಲ್ಲಿ ವಿಡಿಯೊ ಹಾಕಿ ಹಾಜರಿ ಪುಸ್ತಕ ತುಂಬಲು ಕೂರುವ ಅವಧಿಯನ್ನು ಮೌಲ್ಯಶಿಕ್ಷಣವೆಂದು ವರದಿ ಮಾಡುವುದು ನಿಲ್ಲಬೇಕು. ವಿಡಿಯೊ ಮುಗಿದ ಮೇಲೆ ಅಷ್ಟೇ ಹೊತ್ತು ಮಾತಿಗೆ ಇರಲಿ. ಅದಕ್ಕೆ ಸುತ್ತೋಲೆ ಬೇಕಿದ್ದರೆ ಸುತ್ತೋಲೆ ಹೊರಡಿಸಿ.

ನಿಮ್ಮ ಬರಹಗಾರರು ಒಂದು ಶನಿವಾರ ನಮ್ಮಂಥ ಯಾವುದಾದರೂ ಶಾಲೆಗೆ ಬರಲಿ ಎಂದು ಕೇಳಿಕೊಳ್ಳುತ್ತೇನೆ. ಬೆಳಗಿನ ಶಾಲೆ ಬೇಗ ಶುರುವಾಗುತ್ತದೆ, ಹತ್ತರ ಹೊತ್ತಿಗೆ ಮೂರು ಜಗಳಗಳಾದರೂ ಆಗಿರುತ್ತವೆ. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವುದರೊಳಗೆ ಈ ಪತ್ರಕ್ಕೆ ನಿಮ್ಮಿಂದ ಉತ್ತರವನ್ನು ನಿರೀಕ್ಷಿಸುತ್ತೇನೆ.

ಗೌರವಗಳೊಂದಿಗೆ,

ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ
ಹಾವೇರಿ ಜಿಲ್ಲೆ